ಹಿರಿಯರ ಗುರುತು ಮತ್ತು ಸಮಾಜ ಕೊಟ್ಟ ಸ್ಥಾನ: ನಾಲ್ಕು ತಾಲೂಕುಗಳ ನೆಲದಿಂದ ಒಂದು ವಿಚಾರ



ಕಳೆದ ಕೆಲವು ವರ್ಷಗಳಿಂದ ನಮ್ಮ ನಾಡಿನ ಹಿರಿಯರು ತಮ್ಮ ಮನೆಯ ಬಾಗಿಲಲ್ಲಿಯೇ ಒಂದು ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸುತ್ತಿದ್ದಾರೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಮನೆಯ ಯಜಮಾನಿ ಯಾರೆಂದು ಕೇಳಲಾಯಿತು. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಧರ್ಮ, ಜಾತಿ, ಉದ್ಯೋಗಗಳನ್ನು ಕುರಿತು ಅರವತ್ತು ಪ್ರಶ್ನೆಗಳನ್ನು ಕೇಳಲಾಯಿತು. 2027ರ ಜನಗಣತಿಯ ಎಣಿಕೆಯಲ್ಲಿ ಇವೇ ವಿಷಯಗಳು ಇನ್ನೊಮ್ಮೆ ಬರಲಿವೆ. ಸಮೀಕ್ಷೆಯ ಧರ್ಮದ ಅಂಕಣದಲ್ಲಿ ಏನನ್ನು ಬರೆಸಬೇಕೆಂಬುದರ ಬಗ್ಗೆ ನಮ್ಮ ಸಮಾಜದಲ್ಲಿ ನಡೆದ ಚರ್ಚೆ ಎಲ್ಲರಿಗೂ ತಿಳಿದದ್ದೇ ಆಗಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದು ನಮ್ಮ ಉದ್ದೇಶವಲ್ಲ. ಆ ಅಂಕಣದ ಆಚೆಗಿದ್ದು, ಯಾರ ಚರ್ಚೆಗೂ ಬಾರದೆ ಹೋದ ಇನ್ನೊಂದು ಪ್ರಶ್ನೆಯನ್ನು ನಾವು ಇಲ್ಲಿ ವಿಚಾರ ಮಾಡಬಯಸುತ್ತೇವೆ: "ಈಗ ನೀವು ಏನು ಮಾಡುತ್ತೀರಿ?"

ಎಪ್ಪತ್ತು ದಾಟಿದ ತಾಯಿಯೊಬ್ಬರು ಈ ಪ್ರಶ್ನೆಗೆ "ಏನೂ ಇಲ್ಲರಿ, ಮನ್ಯಾಗ ಇರತೇನಿ" ಎನ್ನುತ್ತಾರೆ. ಹೊಲವನ್ನು ಮಕ್ಕಳ ಹೆಸರಿಗೆ ಮಾಡಿಕೊಟ್ಟ ಹಿರಿಯರು "ಮೊದಲ ಒಕ್ಕಲುತನ ಮಾಡತಿದ್ದೆ" ಎಂದು ಭೂತಕಾಲದಲ್ಲಿ ಉತ್ತರಿಸುತ್ತಾರೆ. ನಿವೃತ್ತರಾಗಿ ಹದಿನೈದು ವರ್ಷವಾದ ಮಾಸ್ತರರು "ನಾನು ಮಾಸ್ತರ" ಎಂದು ವರ್ತಮಾನಕಾಲದಲ್ಲಿ ಹೇಳುತ್ತಾರೆ. ಮೂರೂ ಉತ್ತರಗಳ ಹಿಂದೆ ಒಂದೇ ತೊಡಕಿದೆ. ಸಮಾಜ ಕೊಟ್ಟ ಸ್ಥಾನ ಹೋದ ಮೇಲೆ, ಅಥವಾ ಸಮಾಜ ಹೊರಿಸಿದ ಸ್ಥಾನ ಬಿಡದೆ ಅಂಟಿಕೊಂಡಿರುವಾಗ, ಮನುಷ್ಯನು ತನ್ನನ್ನು ತಾನು ಏನೆಂದು ತಿಳಿದುಕೊಳ್ಳಬೇಕು? ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳ ಭಕ್ತರ ನಡುವೆ ಇರುವ ನಮಗೆ ಇದು ಕೇವಲ ತಾತ್ವಿಕ ಪ್ರಶ್ನೆಯಾಗಿ ಕಾಣುವುದಿಲ್ಲ. ಆಸ್ತಿ, ಅನ್ನ, ಗೌರವ ಮೂರೂ ಇದರೊಂದಿಗೆ ಹೆಣೆದುಕೊಂಡಿವೆ.

ಲೆಕ್ಕದ ಭಾಷೆ ಮತ್ತು ಬಾಳಿನ ಭಾಷೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಸುಮಾರು 10 ಕೋಟಿ 38 ಲಕ್ಷ. ಕರ್ನಾಟಕದಲ್ಲಿ ಅವರ ಪ್ರಮಾಣ ನೂರಕ್ಕೆ ಒಂಬತ್ತೂವರೆಯಷ್ಟಿತ್ತು. ಹಾವೇರಿ ಜಿಲ್ಲೆಯ ಜನಸಂಖ್ಯೆ ಆಗ 15,97,668. ರಾಜ್ಯದ ಪ್ರಮಾಣವನ್ನೇ ಹಿಡಿದು ಅಂದಾಜು ಮಾಡಿದರೂ ನಮ್ಮ ಜಿಲ್ಲೆಯೊಂದರಲ್ಲಿಯೇ ಒಂದೂವರೆ ಲಕ್ಷ ಹಿರಿಯರಿದ್ದರೆಂದಾಯಿತು. ಇಂದು ಆ ಸಂಖ್ಯೆ ಇನ್ನೂ ಹೆಚ್ಚಿರುವುದರಲ್ಲಿ ಸಂದೇಹವಿಲ್ಲ.

ಇಷ್ಟು ಜನರನ್ನು ಗಣತಿಯು ಹೇಗೆ ಹೆಸರಿಸಿತು ಎಂಬುದನ್ನು ಗಮನಿಸಬೇಕು. 2011ರ ಗಣತಿಯು ದುಡಿಮೆ ಮಾಡದವರನ್ನು ವಿದ್ಯಾರ್ಥಿ, ಗೃಹಕೃತ್ಯ ಮಾಡುವವರು, ಅವಲಂಬಿತರು, ಪಿಂಚಣಿದಾರರು, ಬಾಡಿಗೆ ಮೊದಲಾದ ವರಮಾನದಿಂದ ಬದುಕುವವರು, ಭಿಕ್ಷುಕರು, ಇತರರು ಎಂದು ವಿಂಗಡಿಸಿತ್ತು. ಬೆಳಗ್ಗೆ ಐದಕ್ಕೆ ಎದ್ದು, ದನದ ಕೊಟ್ಟಿಗೆ ಹಸನು ಮಾಡಿ, ಹತ್ತು ಜನರಿಗೆ ರೊಟ್ಟಿ ಬಡಿದು, ಮೊಮ್ಮಕ್ಕಳನ್ನು ಶಾಲೆಗೆ ಕಳಿಸುವ ಅಜ್ಜಿಯು ಈ ಪಟ್ಟಿಯಲ್ಲಿ ದುಡಿಯದವರ ಸಾಲಿಗೆ ಸೇರುತ್ತಾಳೆ. ತನ್ನ ಹೊಲದ ಬದುವಿನ ಮೇಲೆ ಇಂದಿಗೂ ದಿನಕ್ಕೊಮ್ಮೆ ತಿರುಗಾಡಿ, ಯಾವ ಸಾಲಿನಲ್ಲಿ ನೀರು ನಿಂತಿದೆ ಎಂದು ಮಗನಿಗೆ ಹೇಳುವ ತಂದೆಯು ಅವಲಂಬಿತನಾಗುತ್ತಾನೆ. ಲೆಕ್ಕ ಹಾಕುವವರಿಗೆ ಇಂಥ ವಿಂಗಡಣೆ ಬೇಕಾಗುತ್ತದೆ, ಅದರಲ್ಲಿ ದೋಷವೆಣಿಸುವುದು ಸಲ್ಲದು. ಆದರೆ ಲೆಕ್ಕದ ಮಾತು ನಿಧಾನವಾಗಿ ಮನೆಯ ಮಾತಾಗುತ್ತದೆ. "ಅವರು ನಮ್ಮ ಮ್ಯಾಲ ಅವಲಂಬಿತರು" ಎಂದು ಮಗನು ನಮೂನೆಯಲ್ಲಿ ಬರೆಸಿದ ಮಾತನ್ನು ತಂದೆ ಕೇಳಿಸಿಕೊಂಡಿರುತ್ತಾನೆ. ಆ ಹೊಲ, ಆ ಮನೆ, ಆ ಮಗನ ವಿದ್ಯೆ ಎಲ್ಲವೂ ತನ್ನ ದುಡಿಮೆಯಿಂದ ಬಂದದ್ದೆಂದು ಅವನಿಗೆ ಗೊತ್ತಿರುತ್ತದೆ. ಅವನು ಏನೂ ಹೇಳುವುದಿಲ್ಲ.

ಹೋಗುವ ಸ್ಥಾನ, ಬಿಡದ ಸ್ಥಾನ, ಹೊಸದಾಗಿ ಬರುವ ಸ್ಥಾನ

ಹಿರಿಯರ ಮೇಲೆ ಸಮಾಜವು ಹೊರಿಸುವ ಸ್ಥಾನಗಳು ಮೂರು ಬಗೆಯವು ಎಂದು ನಮಗೆ ತೋರುತ್ತದೆ.

ಮೊದಲನೆಯದು, ವಯಸ್ಸಿನೊಂದಿಗೆ ಹೋಗುವ ಸ್ಥಾನ. ನೌಕರಿ, ಪಂಚಾಯಿತಿಯ ಸದಸ್ಯತ್ವ, ಸಹಕಾರಿ ಸಂಘದ ಅಧ್ಯಕ್ಷತೆ, ಪಹಣಿಯಲ್ಲಿನ ಹೆಸರು ಇವೆಲ್ಲ ಈ ಬಗೆಯವು. ನಮ್ಮ ಭಾಗದಲ್ಲಿ ಇದಕ್ಕೊಂದು ದೊಡ್ಡ ಐತಿಹಾಸಿಕ ನಿದರ್ಶನವಿದೆ. ವಂಶಪಾರಂಪರ್ಯವಾಗಿ ಬಂದ ಗೌಡಿಕೆ, ಶಾನಭೋಗಿಕೆ ಮೊದಲಾದ ಗ್ರಾಮಾಧಿಕಾರಗಳನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು ತೆಗೆದುಹಾಕಿತು. ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಅಧಿಕಾರ ಒಂದು ದಿನದಲ್ಲಿ ಹೋಯಿತು, ಹೆಸರು ಅರವತ್ತು ವರ್ಷಗಳಾದರೂ ಹೋಗಲಿಲ್ಲ. ಗೌಡರು ಗೌಡರಾಗಿಯೇ, ಕುಲಕರ್ಣಿಯವರು ಕುಲಕರ್ಣಿಯವರಾಗಿಯೇ ಉಳಿದರು. ಹೆಸರನ್ನು ಕೇವಲ ಹೆಸರೆಂದು ತಿಳಿದು, ಎಲ್ಲರಂತೆ ಹೊಲದಲ್ಲಿ ದುಡಿದು ಬಾಳಿದವರು ನೆಮ್ಮದಿಯಿಂದ ಬಾಳಿದರು. ಹೋದ ಅಧಿಕಾರವನ್ನೇ ತಾವೆಂದು ತಿಳಿದವರು ಉಳಿದ ಆಯುಷ್ಯವನ್ನೆಲ್ಲ ಯಾರು ಎದ್ದು ನಿಂತರು, ಯಾರು ನಿಲ್ಲಲಿಲ್ಲ ಎಂದು ಎಣಿಸುವುದರಲ್ಲಿ ಕಳೆದರು. ಸ್ಥಾನ ಹೋಗುವುದು ಇಬ್ಬರಿಗೂ ಒಂದೇ ಆಗಿತ್ತು. ಅದು ಹೋಗುವ ಮೊದಲೇ ಅದರಿಂದ ತನ್ನನ್ನು ಬೇರೆಯಾಗಿ ಕಂಡುಕೊಂಡಿದ್ದವನಿಗೆ ಮಾತ್ರ ಅದು ಹಗುರವಾಯಿತು.

ಎರಡನೆಯದು, ಬೇಡವೆಂದರೂ ಬಿಡದ ಸ್ಥಾನ. ಗಂಡ ತೀರಿಕೊಂಡ ಹೆಣ್ಣುಮಗಳಿಗೆ ಹೊರಿಸುವ ವಿಧವೆ ಎಂಬ ಸ್ಥಾನ ಇದಕ್ಕೆ ಮುಖ್ಯ ಉದಾಹರಣೆ. ಐವತ್ತು ವರ್ಷ ಒಂದು ಮನೆಯನ್ನು ನಡೆಸಿದ ತಾಯಿಯು ಮೊಮ್ಮಗಳ ಮದುವೆಯಲ್ಲಿ ಹಂದರದ ಕಂಬದ ಮರೆಗೆ ನಿಲ್ಲುತ್ತಾಳೆ. ಆರತಿಯ ತಾಟು ಅವಳ ಕೈಗೆ ಬರುವುದಿಲ್ಲ, ಉಡಿ ತುಂಬುವಾಗ ಅವಳನ್ನು ಕರೆಯುವುದಿಲ್ಲ. ಸೂತಕಗಳೈದನ್ನೂ ತಳ್ಳಿಹಾಕಿದ ಧರ್ಮ ನಮ್ಮದು. ಲಿಂಗವನ್ನು ಧರಿಸಿದ ದೇಹಕ್ಕೆ ಮೈಲಿಗೆಯಿಲ್ಲ ಎಂದು ಹೇಳಿದ ಧರ್ಮದ ಮನೆಗಳಲ್ಲಿ ಈ ಆಚರಣೆ ಯಾವ ಬಾಗಿಲಿನಿಂದ ಬಂದಿತೆಂದು ಪ್ರತಿಯೊಬ್ಬ ಭಕ್ತರೂ ಕೇಳಿಕೊಳ್ಳಬೇಕು. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿಯು 2022ರ ಮೇ ತಿಂಗಳಲ್ಲಿ ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ರೂಢಿಗಳನ್ನು ನಿಲ್ಲಿಸುವ ಠರಾವು ಮಾಡಿತು. ಮಹಾರಾಷ್ಟ್ರ ಸರ್ಕಾರವು ಬೇರೆ ಗ್ರಾಮಗಳಿಗೂ ಅದನ್ನು ಅನುಸರಿಸಲು ತಿಳಿಸಿತು. ಗ್ರಾಮ ಪಂಚಾಯಿತಿಯೊಂದು ಮಾಡಿದ ಕೆಲಸವನ್ನು ಬಸವಣ್ಣನವರ ಹೆಸರು ಹೇಳುವ ಮನೆಗಳು ಮಾಡಲಾರವೆಂದರೆ ಅದು ಶೋಭಿಸುವ ಮಾತಲ್ಲ.

ಇದೇ ಬಗೆಯ ಇನ್ನೊಂದು, ಇದಕ್ಕಿಂತ ಕಠೋರವಾದ ಪ್ರಸಂಗ ಸವಣೂರಿನಲ್ಲಿ ನಡೆದಿದೆ. 2010ರ ಜುಲೈ ತಿಂಗಳಲ್ಲಿ, ತಲೆಮಾರುಗಳಿಂದ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಭಂಗಿ ಸಮುದಾಯದ ಕುಟುಂಬಗಳ ಕೆಲವರು ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ನಾಡೇ ತಲೆತಗ್ಗಿಸಿತು. ಮಲ ಹೊರುವ ಪದ್ಧತಿಯನ್ನು ಇನ್ನಷ್ಟು ಬಿಗಿಯಾಗಿ ನಿಷೇಧಿಸುವ ಕೇಂದ್ರ ಕಾಯಿದೆ 2013ರಲ್ಲಿ ಬಂದಿತು. ಸಮಾಜವು ಅವರಿಗೆ ಕೊಟ್ಟ ಸ್ಥಾನ ಯಾವುದೆಂಬುದನ್ನು ಸಮಾಜದ ಕಣ್ಣೆದುರಿಗೆ ಸುರಿದು ತೋರಿಸಿ, "ಇದು ನಾವಲ್ಲ" ಎಂದು ಹೇಳಿದ ಘಟನೆಯೆಂದೇ ನಾವು ಅದನ್ನು ತಿಳಿಯುತ್ತೇವೆ. ಕೆಲಸ ನಿಂತರೂ ಆ ಕೆಲಸದ ಹೆಸರಿನಿಂದಲೇ ಹಿರಿಯರನ್ನು ಕರೆಯುವ ನಾಲಿಗೆಗಳು ಇನ್ನೂ ನಿಂತಿಲ್ಲವೆಂಬುದೇ ಖೇದದ ಸಂಗತಿ. ಹಿರಿಯರ ಗುರುತಿನ ಪ್ರಶ್ನೆಯನ್ನು ವಿಚಾರ ಮಾಡುವಾಗ ನಿವೃತ್ತ ನೌಕರರ ಬೇಸರವನ್ನಷ್ಟೇ ನೆನೆದು, ಈ ಹಿರಿಯರನ್ನು ಮರೆಯುವುದು ಶರಣ ಧರ್ಮವಾಗಲಾರದು.

ಮೂರನೆಯದು, ಇಳಿವಯಸ್ಸಿನಲ್ಲಿ ಹೊಸದಾಗಿ ಬರುವ ಸ್ಥಾನ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಣ್ಣುಮಗಳನ್ನೇ ಕುಟುಂಬದ ಮುಖ್ಯಸ್ಥೆ ಎಂದು ನಿರ್ಧರಿಸಿತು. ಅದರ ಆಧಾರದ ಮೇಲೆ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಕೊಡತೊಡಗಿತು. ಯಜಮಾನ ಎಂಬ ಪುಲ್ಲಿಂಗವನ್ನಷ್ಟೇ ಕೇಳಿದ್ದ ಹಳ್ಳಿಗಳಲ್ಲಿ ಯಜಮಾನಿ ಎಂಬ ಮಾತು ಓಡಾಡತೊಡಗಿತು. ಈ ಹಣ ಅತ್ತೆಗೋ ಸೊಸೆಗೋ ಎಂಬ ವಾದ ರಾಜ್ಯದ ತುಂಬ ನಡೆದದ್ದು ನೆನಪಿರಬಹುದು. ಬೆಳಗಾವಿ ಜಿಲ್ಲೆಯ ಒಬ್ಬ ಅಜ್ಜಿ ಆ ಹಣವನ್ನು ಕೂಡಿಟ್ಟು 2024ರಲ್ಲಿ ಊರವರಿಗೆ ಹೋಳಿಗೆಯ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ತನ್ನ ಕೈಯಲ್ಲಿ ತನ್ನದೆನ್ನುವ ಹಣ ಬಂದಾಗ ಅವರಿಗೆ ಮೊದಲು ಹೊಳೆದದ್ದು ದಾಸೋಹ. ಅದೇ ವರ್ಷಗಳಲ್ಲಿ, ಹೆಸರು ಅಜ್ಜಿಯದು, ಪಾಸ್‌ಬುಕ್ ಮಗನದು, ಎಟಿಎಂ ಕಾರ್ಡು ಮೊಮ್ಮಗನದು ಎನ್ನುವಂಥ ಮನೆಗಳೂ ಇವೆ. ಸ್ಥಾನವನ್ನು ಕಾಗದದ ಮೇಲೆ ಕೊಡಬಹುದು. ಅದರ ಒಳಗೆ ಬಾಳುವ ಸ್ವಾತಂತ್ರ್ಯವನ್ನು ಮನೆಯವರು ಕೊಡಬೇಕು, ಅಥವಾ ತಾಯಿಯೇ ಕೇಳಿ ಪಡೆಯಬೇಕು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಪರಿಣಾಮವನ್ನೂ ಇಲ್ಲಿ ಸ್ಮರಿಸಬೇಕು. ಹಿಂದೆ ಹಿರಿಯ ಹೆಣ್ಣುಮಗಳು ಬಸ್ಸು ಹತ್ತಬೇಕಾದರೆ ಮಗನ ಹತ್ತಿರ ದುಡ್ಡು ಕೇಳಬೇಕಿತ್ತು, ದುಡ್ಡು ಕೇಳಿದರೆ ಕಾರಣ ಹೇಳಬೇಕಿತ್ತು. ಮಗಳ ಬಾಣಂತನ, ತಮ್ಮನ ಮನೆಯ ಮದುವೆ, ಆಸ್ಪತ್ರೆ ಹೀಗೆ ಪ್ರತಿಯೊಂದು ಪ್ರಯಾಣವೂ ತಾಯಿಯಾಗಿಯೋ ಅಕ್ಕನಾಗಿಯೋ ರೋಗಿಯಾಗಿಯೋ ಮಾಡುವ ಪ್ರಯಾಣವಾಗಿತ್ತು. ಈಗ ಹಾನಗಲ್ಲದ ತಾಯಂದಿರು ನಾಲ್ವರು ಗೆಳತಿಯರೊಡನೆ ಕೂಡಲಸಂಗಮಕ್ಕೋ ಉಳವಿಗೋ ಹೋಗಿಬರಬೇಕೆಂದು ಮನಸ್ಸು ಮಾಡಿದರೆ ಟಿಕೆಟಿನ ಹಣಕ್ಕೆ ಯಾರನ್ನೂ ಕೇಳಬೇಕಿಲ್ಲ. ಅವರು ಆ ಹೊತ್ತಿನಲ್ಲಿ ಯಾರ ತಾಯಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ. ಯೋಜನೆಯ ಹಣಕಾಸಿನ ಗುಣದೋಷಗಳನ್ನು ತಿಳಿದವರು ಚರ್ಚಿಸಲಿ. ತನ್ನ ಇಷ್ಟದಿಂದ ಒಂದು ದಿನ ಹೊರಗೆ ಹೋಗಿಬಂದ ತಾಯಿಯ ಮುಖದಲ್ಲಿ ಕಾಣುವ ಬದಲಾವಣೆಯನ್ನು ನಾವು ಬಲ್ಲೆವು.

ನಮ್ಮ ನೆಲದ ಹಿರಿಯರು ತೋರಿದ ದಾರಿ

ಈ ನಾಲ್ಕು ತಾಲೂಕುಗಳ ನೆಲಕ್ಕೆ ಈ ಪ್ರಶ್ನೆ ಹೊಸದೇನಲ್ಲ. ಶಿಗ್ಗಾವಿ ತಾಲೂಕಿನ ಬಾಡ ಗ್ರಾಮದ ಕನಕದಾಸರು ದಣ್ಣಾಯಕರ ಪದವಿಯನ್ನು ಬಿಟ್ಟು ದಾಸರಾದರೆಂದು ಪರಂಪರೆ ಹೇಳುತ್ತದೆ. ಅದೇ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಜನಿಸಿದ ಷರೀಫರು ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಆ ನೌಕರಿಯನ್ನು ಬಿಟ್ಟು, ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಮುಸಲ್ಮಾನ, ಬ್ರಾಹ್ಮಣ ಎಂಬ ಎರಡು ಸ್ಥಾನಗಳನ್ನೂ ಆ ಗುರುಶಿಷ್ಯರು ದಾಟಿ ನಿಂತರು. ಹಿರೇಕೆರೂರ ಸೀಮೆಯ ಅಬಲೂರು ಮತ್ತು ಮಾಸೂರುಗಳೊಂದಿಗೆ ಜನರು ಸರ್ವಜ್ಞನ ಹೆಸರನ್ನು ಸೇರಿಸುತ್ತಾರೆ. ತಂದೆಯ ಜಾತಿ ಒಂದು, ತಾಯಿಯ ಜಾತಿ ಇನ್ನೊಂದು ಎಂಬ ಕಾರಣಕ್ಕೆ ಯಾವ ಮನೆಯೂ ತನ್ನದಾಗದ ಆತನು ನಾಡನ್ನೆಲ್ಲ ಮನೆ ಮಾಡಿಕೊಂಡನೆಂಬುದು ಜನಪದದ ನಂಬಿಕೆ.

ಹಾನಗಲ್ಲದ ಕಥೆ ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು. ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಮಹಾಸ್ವಾಮಿಗಳವರು (1867-1930) 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾನುಭಾವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ದೃಷ್ಟಿಹೀನ ಬಾಲಕನಲ್ಲಿ ಸಂಗೀತವನ್ನು ಕಂಡವರು ಅವರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು (1892-1944). ಆ ಕಾಲದಲ್ಲಿ ಸಮಾಜವು ಕಣ್ಣಿಲ್ಲದವರಿಗೆ ಕೊಟ್ಟ ಸ್ಥಾನ ಒಂದೇ ಆಗಿತ್ತು, ಯಾರದಾದರೂ ಕೈ ಹಿಡಿದು ನಡೆಯುವುದು ಮತ್ತು ಕೈ ಚಾಚುವುದು. ಪಂಚಾಕ್ಷರಿ ಗವಾಯಿಗಳು ಆ ಸ್ಥಾನವನ್ನು ಒಪ್ಪಿಕೊಳ್ಳದೆ ನೂರಾರು ಜನರಿಗೆ ಗುರುವಾದರು. ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಅವರ ಉತ್ತರಾಧಿಕಾರಿಗಳಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಾಗ ಅವರ ವಯಸ್ಸು ತೊಂಬತ್ತಾರರ ಆಸುಪಾಸು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಕುರುಡ ಎಂಬ ಸ್ಥಾನವೂ, ವೃದ್ಧ ಎಂಬ ಸ್ಥಾನವೂ ಅವರನ್ನು ಹಿಡಿದಿಡಲಿಲ್ಲ. ಅವರಿಗೆ ನಿವೃತ್ತಿ ಎಂಬುದೇ ಇರಲಿಲ್ಲ, ಏಕೆಂದರೆ ಅವರದು ಕಾಯಕವಾಗಿತ್ತು.

ಸ್ಥಾನ ಬೇರೆ, ಕಾಯಕ ಬೇರೆ

ಇಲ್ಲಿಯೇ ಶರಣ ಧರ್ಮದ ವಿವೇಕವಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೋಡಿರಿ: ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು, ಆಯ್ದಕ್ಕಿ ಲಕ್ಕಮ್ಮನವರು. ಪ್ರತಿ ಹೆಸರಿನಲ್ಲಿಯೂ ಕಾಯಕವಿದೆ. ಆದರೆ ಆ ಕಾಯಕವು ಅವರನ್ನು ಮೇಲೆಯೂ ಇಡಲಿಲ್ಲ, ಕೆಳಗೆಯೂ ಇಡಲಿಲ್ಲ. ಅನುಭವ ಮಂಟಪದಲ್ಲಿ ಬಟ್ಟೆ ತೊಳೆಯುವವರೂ ರಾಜ್ಯದ ಭಂಡಾರಿಗಳೂ ಒಂದೇ ನೆಲದ ಮೇಲೆ ಕುಳಿತರು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದರೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರು. ಸ್ಥಾನವೆಂಬುದು ಇತರರು ಕೊಡುವಂಥದು, ಆದ್ದರಿಂದ ಇತರರು ಕಸಿದುಕೊಳ್ಳಬಹುದಾದದ್ದು. ಕಾಯಕವು ನಾವು ಮಾಡಿ ಅರ್ಪಿಸುವಂಥದು, ಅದನ್ನು ಯಾರೂ ಕಸಿದುಕೊಳ್ಳಲಾರರು. ಮಾಸ್ತರಿಕೆ ಒಂದು ಸ್ಥಾನ, ಕಲಿಸುವುದು ಒಂದು ಕಾಯಕ. ಮಾಸ್ತರರ ಸ್ಥಾನ ಅರವತ್ತಕ್ಕೆ ಮುಗಿಯುತ್ತದೆ, ಪಕ್ಕದ ಮನೆಯ ಹುಡುಗನಿಗೆ ಮಗ್ಗಿ ಹೇಳಿಕೊಡುವ ಕಾಯಕ ಎಂಬತ್ತಕ್ಕೂ ಮುಗಿಯುವುದಿಲ್ಲ. ಹಾಗೆಯೇ "ನಾನು ಒಕ್ಕಲಿಗ" ಎಂದು ಎಂಬತ್ತರ ಹಿರಿಯರು ಹೇಳಿದರೆ ಅದನ್ನು ಹಳೆಯದಕ್ಕೆ ಜೋತುಬಿದ್ದ ಮಾತೆಂದು ತಳ್ಳಬಾರದು. ಅವರು ಹೊಲದ ಒಡೆತನದ ಮಾತನ್ನು ಆಡುತ್ತಿದ್ದಾರೋ ಮಣ್ಣಿನ ಅರಿವಿನ ಮಾತನ್ನು ಆಡುತ್ತಿದ್ದಾರೋ ಎಂದು ಕೇಳಿ ತಿಳಿಯಬೇಕು.

ಶರಣರು ಬಳಸಿದ ಪೂರ್ವಾಶ್ರಯ ಎಂಬ ಮಾತೊಂದಿದೆ. ದೀಕ್ಷೆ ಪಡೆದವನ ಹಿಂದಿನ ಕುಲವನ್ನು ಎತ್ತಿ ಆಡಬಾರದು, ಅದು ಅಳಿದುಹೋಯಿತು ಎಂಬುದು ಆ ಮಾತಿನ ಆಶಯ. ಅದನ್ನು ನಾವು ಜಾತಿಗೆ ಮಾತ್ರ ಅನ್ವಯಿಸಿ ಮಾತನಾಡುತ್ತೇವೆ. ಹಿರಿಯರ ಬಾಳಿಗೂ ಅದನ್ನು ಅನ್ವಯಿಸಬಹುದೆಂದು ನಮಗೆ ತೋರುತ್ತದೆ. ತಹಶೀಲ್ದಾರರಾಗಿದ್ದದ್ದೂ ಪೂರ್ವಾಶ್ರಯ, ಜೀತಕ್ಕಿದ್ದದ್ದೂ ಪೂರ್ವಾಶ್ರಯ. ಒಂದನ್ನು ಹೇಳಿ ಮೆರೆಸುವುದೂ ಇನ್ನೊಂದನ್ನು ಹೇಳಿ ಹಣಿಯುವುದೂ ಒಂದೇ ದೋಷದ ಎರಡು ಮುಖಗಳು.

ಇನ್ನೂ ಒಂದು ಸೂಕ್ಷ್ಮವನ್ನು ಭಕ್ತರು ಗಮನಿಸಬೇಕು. ನಮ್ಮಲ್ಲಿ ಲಿಂಗಧಾರಣೆಯು ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಆಗುತ್ತದೆ. ಆ ಶಿಶುವು ಆಗಿನ್ನೂ ವಿದ್ಯಾರ್ಥಿಯಲ್ಲ, ನೌಕರನಲ್ಲ, ಗಂಡನಲ್ಲ, ತಾಯಿಯಲ್ಲ. ಸಮಾಜವು ಯಾವ ಸ್ಥಾನವನ್ನೂ ಕೊಡುವ ಮೊದಲೇ ಗುರುವು ಲಿಂಗವನ್ನು ಕೊಟ್ಟಿರುತ್ತಾನೆ. ಕೊನೆಗೆ ಕ್ರಿಯಾಸಮಾಧಿಯ ಹೊತ್ತಿನಲ್ಲಿಯೂ ಅಂಗೈಯಲ್ಲಿ ಉಳಿಯುವುದು ಆ ಲಿಂಗವೇ. ನಡುವೆ ಬಂದ ಸ್ಥಾನಗಳೆಲ್ಲ ನಡುವೆಯೇ ಹೋದವು. ದಿನವೂ ಕರಸ್ಥಲದಲ್ಲಿ ಲಿಂಗವನ್ನಿಟ್ಟು ನೋಡುವ ಹೊತ್ತಿನಲ್ಲಿ ಯಜಮಾನಿಕೆಯೂ ಇಲ್ಲ, ಅವಲಂಬನೆಯೂ ಇಲ್ಲ. ನೋಡುವವನು ಮತ್ತು ಲಿಂಗ ಇಬ್ಬರೇ. ಮೂವತ್ತರ ಹರೆಯದಲ್ಲಿ ಈ ಅಭ್ಯಾಸ ಮಾಡಿದವರಿಗೆ ಎಪ್ಪತ್ತರಲ್ಲಿ ಸ್ಥಾನಗಳು ಕಳಚುವಾಗ ಅಪರಿಚಿತ ಜಾಗಕ್ಕೆ ಬಂದಂತಾಗುವುದಿಲ್ಲ.

ಧರ್ಮದ ಮಾತನ್ನು ದುರುಪಯೋಗ ಮಾಡದಿರೋಣ

ಈ ವಿಚಾರಕ್ಕೆ ಒಂದು ಅಪಾಯವೂ ಇದೆ. ಅದನ್ನು ಸ್ಪಷ್ಟವಾಗಿ ಹೇಳದಿದ್ದರೆ ಈ ಬರಹದಿಂದ ಹಿತಕ್ಕಿಂತ ಅಹಿತವೇ ಆದೀತು. "ನಿಮಗಿನ್ನು ಇದೆಲ್ಲ ಯಾಕ ಬೇಕು? ಶಿವ ಶಿವ ಅಂತ ಕುಂದರ್ರಿ" ಎಂಬ ಮಾತು ನಮ್ಮ ಮನೆಗಳಲ್ಲಿ ಪದೇಪದೇ ಕೇಳಿಬರುತ್ತದೆ. ಕೇಳಲು ಅದು ಭಕ್ತಿಯ ಮಾತು. ಆದರೆ ಅದನ್ನು ಹೇಳುವ ಸಂದರ್ಭಗಳನ್ನು ನೋಡಿರಿ. ಹೊಲದ ವಾಟ್ನಿಯ ಕಾಗದಕ್ಕೆ ಸಹಿ ಬೇಕಾದಾಗ, ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಮಾಡಿಸುವಾಗ, ಮನೆ ಮಾರುವ ಮಾತು ಬಂದಾಗ ಅದು ಕೇಳಿಬರುತ್ತದೆ. ಅಲ್ಲಿ ವೈರಾಗ್ಯದ ಉಪದೇಶವು ಆಸ್ತಿಯ ವ್ಯವಹಾರಕ್ಕೆ ಹೊದಿಸಿದ ಕಾವಿಯಾಗುತ್ತದೆ. ಹಿರಿಯರು ತಾವಾಗಿ ಸ್ಥಾನವನ್ನು ಇಳಿಸಿಡುವುದು ಒಂದು, ಅವರಿಂದ ಅದನ್ನು ಕಿತ್ತುಕೊಂಡು "ಇಳಿಸಿಟ್ಟರು" ಎಂದು ಹೇಳುವುದು ಇನ್ನೊಂದು. ಮೊದಲನೆಯದು ನಿರಾಳ, ಎರಡನೆಯದು ಅನ್ಯಾಯ.

ಶರಣರು ವಾನಪ್ರಸ್ಥವನ್ನು ಬೋಧಿಸಲಿಲ್ಲ. ವಯಸ್ಸಾದವರು ಮನೆ ಬಿಟ್ಟು ಕಾಡಿಗೆ ಹೋಗಬೇಕೆನ್ನಲಿಲ್ಲ, ಭಕ್ತಿಯನ್ನು ಮುಪ್ಪಿನ ಕಾಲಕ್ಷೇಪವೆಂದು ತಿಳಿಯಲಿಲ್ಲ. ಅವರಲ್ಲಿ ಹೆಚ್ಚಿನವರು ಸಂಸಾರದಲ್ಲಿದ್ದುಕೊಂಡೇ ಸಾಧಿಸಿದವರು. ಆದ್ದರಿಂದ ಹಿರಿಯರನ್ನು ವ್ಯವಹಾರದಿಂದ ಹೊರಗಿಡಲು ಲಿಂಗಪೂಜೆಯನ್ನು ನೆಪ ಮಾಡುವವರಿಗೆ ಶರಣ ಧರ್ಮದ ಆಧಾರವಿಲ್ಲ. 1961ರಲ್ಲಿ ಕಮಿಂಗ್ ಮತ್ತು ಹೆನ್ರಿ ಎಂಬ ಅಮೆರಿಕದ ವಿದ್ವಾಂಸರಿಬ್ಬರು, ವಯಸ್ಸಾದಂತೆ ಮನುಷ್ಯನು ಸಮಾಜದಿಂದ ಹಿಂದೆ ಸರಿಯುವುದು ಸಹಜ, ಅದು ಇಬ್ಬರಿಗೂ ಒಳಿತು ಎಂಬ ಸಿದ್ಧಾಂತವನ್ನು ಮಂಡಿಸಿದ್ದರು. ಮುಂದೆ ಬಂದ ವಿದ್ವಾಂಸರು ಅದನ್ನು ಬಲವಾಗಿ ಪ್ರಶ್ನಿಸಿದರು. 1991ರಲ್ಲಿ ವಿಶ್ವಸಂಸ್ಥೆಯು ಹಿರಿಯರಿಗಾಗಿ ಒಪ್ಪಿದ ತತ್ವಗಳಲ್ಲಿ ಸ್ವಾತಂತ್ರ್ಯ, ಭಾಗವಹಿಸುವಿಕೆ, ಆರೈಕೆ, ಆತ್ಮಸಾರ್ಥಕ್ಯ, ಘನತೆ ಈ ಐದೂ ಇವೆ. ಕೇವಲ ಆರೈಕೆ ಕೊಟ್ಟು ಉಳಿದ ನಾಲ್ಕನ್ನು ಕೊಡದಿದ್ದರೆ ಅದು ಸೇವೆಯಾಗುವುದಿಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನೂ ಭಕ್ತರು ತಿಳಿದಿರಬೇಕು. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯಿದೆಯ ಮೇರೆಗೆ, ಮಕ್ಕಳಿಂದ ಪೋಷಣೆ ದೊರೆಯದ ಹಿರಿಯರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ತಾವೇ ಅರ್ಜಿ ಕೊಡಬಹುದು. ನಮ್ಮ ಜಿಲ್ಲೆಯಲ್ಲಿ ಹಾವೇರಿ ಮತ್ತು ಸವಣೂರುಗಳಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿಗಳಿವೆ. ಕಾಯಿದೆಯು ತಿಂಗಳಿಗೆ 10,000 ರೂಪಾಯಿಯವರೆಗೆ ಪೋಷಣಾ ಮೊತ್ತಕ್ಕೆ ಅವಕಾಶ ಕೊಟ್ಟಿದೆ. ಅದರ 23ನೆಯ ಕಲಮು ಅತಿ ಮುಖ್ಯವಾದದ್ದು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆದುಕೊಟ್ಟು, ಪಡೆದವರು ಆ ಷರತ್ತನ್ನು ಮುರಿದರೆ, ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ ಮಗನಿಗೆ ಮಾಡಿಕೊಟ್ಟ ದಾನಪತ್ರವನ್ನು ರದ್ದುಗೊಳಿಸಿ, ಸ್ವತ್ತಿನ ಸ್ವಾಧೀನವನ್ನು ತಾಯಿಗೆ ಮರಳಿಸಲು ಆದೇಶಿಸಿತು. ಆದ್ದರಿಂದ ಆಸ್ತಿ ಬರೆದುಕೊಡುವ ಹಿರಿಯರು ಊಟ, ಔಷಧ, ವಸತಿಯ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಬೇಕು. ಹಾಗೆ ಬರೆಸುವುದು ಮಕ್ಕಳ ಮೇಲಿನ ಅವಿಶ್ವಾಸವಲ್ಲ. ಮಕ್ಕಳೇ ಮುಂದಾಗಿ ಬರೆಸಿದರೆ ಅದು ಅವರಿಗೇ ಗೌರವ. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಹಿರಿಯರನ್ನು ಅವರ ಹೆಸರಿನಿಂದ ಕರೆಯೋಣ. ಸಭೆ ಸಮಾರಂಭಗಳಲ್ಲಿ ಪುರುಷರನ್ನು ಮಾಜಿ ಇಂಥವರು ಎಂದೂ ಹೆಣ್ಣುಮಕ್ಕಳನ್ನು ಇಂಥವರ ತಾಯಿ, ಇಂಥವರ ಪತ್ನಿ ಎಂದೂ ಪರಿಚಯಿಸುವ ರೂಢಿಯಿದೆ. ಎಂಬತ್ತು ವರ್ಷ ಬಾಳಿದ ತಾಯಿಗೆ ತಂದೆತಾಯಿಗಳು ಇಟ್ಟ ಒಂದು ಹೆಸರಿದೆ. ಅದನ್ನು ಕರೆಯುವ ಗೆಳತಿಯರೂ ತೀರಿಹೋಗಿದ್ದಾರೆಂದ ಮೇಲೆ ಕರೆಯುವವರು ಯಾರು? ಮಠದ ಕಾರ್ಯಕ್ರಮಗಳಲ್ಲಾದರೂ ಅದನ್ನು ಕರೆಯುವುದು ನಡೆಯಲಿ.

ಎರಡನೆಯದಾಗಿ, ಆರತಿ, ಉಡಿ ತುಂಬುವುದು, ಗೃಹಪ್ರವೇಶ, ತೊಟ್ಟಿಲ ಕಾರ್ಯಗಳಲ್ಲಿ ಗಂಡನಿಲ್ಲದ ತಾಯಂದಿರನ್ನು ಮುಂದೆ ನಿಲ್ಲಿಸೋಣ. ಇದಕ್ಕೆ ಠರಾವು ಬೇಕಿಲ್ಲ. ಮನೆಯ ಒಬ್ಬ ಮಗನೋ ಮೊಮ್ಮಗಳೋ ಕೈ ಹಿಡಿದು ಕರೆತಂದರೆ ಸಾಕು. ತಾವಾಗಿ ಹಿಂಜರಿಯುವ ತಾಯಂದಿರೂ ಇರುತ್ತಾರೆ. ಅವರನ್ನು ಒತ್ತಾಯಿಸದೆ, ತಾಟನ್ನು ಅವರ ಕೈಗೆ ಹತ್ತಿರವಿಟ್ಟು ಕಾಯೋಣ.

ಮೂರನೆಯದಾಗಿ, ಅವರ ಹಣ ಅವರ ಕೈಯಲ್ಲಿರಲಿ. ಗೃಹಲಕ್ಷ್ಮಿಯ 2000 ಇರಲಿ, ಸಂಧ್ಯಾ ಸುರಕ್ಷಾ ಯೋಜನೆಯ 1200 ಇರಲಿ, ಪಾಸ್‌ಬುಕ್ಕನ್ನು ತಾವೇ ಇಟ್ಟುಕೊಂಡ ಹಿರಿಯರು ಮನೆಯಲ್ಲಿ ಮಾತಾಡುವ ಧ್ವನಿಯೇ ಬೇರೆ. ಸಹಿ ಬಾರದವರಿಗೆ ಸಹಿ ಕಲಿಸುವ ಕಾಯಕವನ್ನು ನಮ್ಮ ಯುವಕರು ಕೈಗೊಳ್ಳಬಹುದು.

ನಾಲ್ಕನೆಯದಾಗಿ, ಅವರಿಗೆ ತಕ್ಕ ಕಾಯಕವನ್ನು ಅವರೇ ಆರಿಸಿಕೊಳ್ಳುವಂತೆ ಮಾಡೋಣ. ಜಪಾನಿನಲ್ಲಿ 1975ರಲ್ಲಿ ಟೋಕಿಯೋದಲ್ಲಿ ಆರಂಭವಾದ ಹಿರಿಯರ ದುಡಿಮೆಯ ಕೇಂದ್ರಗಳು ಇಂದು ಆ ದೇಶದ ತುಂಬ ಹರಡಿವೆ. ಅಲ್ಲಿ ಹಿರಿಯರು ತಮಗೆ ಬೇಕಾದಷ್ಟು ಹೊತ್ತು, ಬಲ್ಲ ಕೆಲಸವನ್ನು ಮಾಡುತ್ತಾರೆ. ನಮ್ಮಲ್ಲಿ ದಾಸೋಹದ ಮನೆ, ಗ್ರಂಥಾಲಯ, ಸಂಜೆಯ ಪಾಠ, ಹೂದೋಟ, ಭಜನೆಯ ತಂಡ ಎಲ್ಲವೂ ಇವೆ. ಮೊಮ್ಮಕ್ಕಳನ್ನು ನೋಡಿಕೊಳ್ಳುವುದೂ ಕಾಯಕವೇ. ಆದರೆ "ನಿಮಗೆ ಆಗುತ್ತದೆಯೇ, ಇಷ್ಟವಿದೆಯೇ" ಎಂದು ಕೇಳಿ ಒಪ್ಪಿಸಿದಾಗ ಮಾತ್ರ ಅದು ಕಾಯಕವಾಗುತ್ತದೆ. ಕೇಳದೆ ಹೊರಿಸಿದರೆ ಅದು ಬಿಟ್ಟಿ ಚಾಕರಿಯಾಗುತ್ತದೆ.

ಕೊನೆಯದಾಗಿ, ಮುಂದಿನ ಗಣತಿಯವರು ಮನೆಗೆ ಬಂದಾಗ ಹಿರಿಯರ ಉತ್ತರವನ್ನು ಹಿರಿಯರೇ ಹೇಳಲಿ. ಮಗನು ಪಕ್ಕದಲ್ಲಿ ನಿಂತು "ಅವ್ವಗ ಏನೂ ಕೆಲಸಿಲ್ಲ" ಎಂದು ಬರೆಸಬಾರದು. ಅವರು ಮಾಡುವುದನ್ನು ಅವರ ಬಾಯಿಂದಲೇ ಕೇಳಿದರೆ, ಅಂಕಣದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಮನೆಯವರಿಗಾದರೂ ತಿಳಿಯುತ್ತದೆ.

ಹಿರಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಹೋದ ಸ್ಥಾನಕ್ಕಾಗಿ ಕೊರಗದಿರಿ, ಹೊರಿಸಿದ ಸ್ಥಾನಕ್ಕೆ ತಲೆಬಾಗದಿರಿ. ನಿಮ್ಮ ಹಕ್ಕಿನದನ್ನು ಬಿಡಬೇಕೆಂದು ಯಾವ ಶರಣರೂ ಹೇಳಿಲ್ಲ. ಬಿಡುವುದಾದರೆ ಕೈಯಾರೆ ಬಿಡಿ, ಕೊಡುವುದಾದರೆ ಮನಸಾರೆ ಕೊಡಿ. ಅಂಗೈಯ ಲಿಂಗ ನಿಮ್ಮನ್ನು ಮಾಜಿ ಎಂದು ಕರೆಯುವುದಿಲ್ಲ, ವಿಧವೆ ಎಂದು ಕರೆಯುವುದಿಲ್ಲ, ಅವಲಂಬಿತರೆಂದೂ ಕರೆಯುವುದಿಲ್ಲ.